ವಿಮಾನಕ್ಕೇಕೆ ಬಿಳಿಯ ಅಂಗಿ?

ಕಳೆದ ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ನಾವು ನಮ್ಮ ತಂಗಿಯ ಮಗನನ್ನು ಕರೆದುಕೊಂಡು ಫೋರ್ಟಿಗೆ ಹೋಗಿದ್ದೆವು. ಹುಡುಗನಿಗೆ ಹನ್ನೆರಡು ವರ್ಷ. ಅಂಚೆಚೀಟಿ ಕೂಡಿಡುವ ಹವ್ಯಾಸ ಹೊಸದಾಗಿ ಅಂಟಿಕೊಂಡಿದೆ. ಬೋರಿ ಬಂದರಿನ ದೊಡ್ಡ ಅಂಚೆ ಕಚೇರಿಯ ಸುತ್ತಮುತ್ತ ಹಳೆಯ ಚೀಟಿ, ಹಳೆಯ ನಾಣ್ಯ ಮಾರುವವರು ಸಿಗುತ್ತಾರೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಮೊದಲು ಆ ಕಟ್ಟಡವನ್ನೇ ತೋರಿಸಿದೆವು. 1913ರಲ್ಲಿ ಮುಗಿದ ಆ ಅಂಚೆ ಕಚೇರಿಯ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿ ಎಂಬುದು ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಹುಡುಗನು ಕತ್ತೆತ್ತಿ ನೋಡಿ, "ಹೌದಾ ಮಾವ?" ಎಂದು ಕೇಳಿ, ಕೂಡಲೇ ಚೀಟಿಯವನ ಕಡೆಗೆ ಓಡಿದನು.

ಅಲ್ಲಿ ಅವನು ಆರಿಸಿದ್ದು 1948ರ ಹನ್ನೆರಡಾಣೆಯ ಒಂದು ಚೀಟಿ. ಆ ವರ್ಷದ ಜೂನ್ 8ರಂದು ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಭಾರತದ ಮೊದಲ ವಿಮಾನಯಾನ ಆರಂಭವಾದ ನೆನಪಿಗೆ ಅದನ್ನು ಹೊರಡಿಸಿದ್ದರು. ಚೀಟಿಯ ಮೇಲೆ ನಾಲ್ಕು ಎಂಜಿನಿನ ಕಾನ್ಸ್ಟಲೇಷನ್ ವಿಮಾನದ ಚಿತ್ರ. ಹುಡುಗನು ಅದನ್ನು ಬೆಳಕಿಗೆ ಹಿಡಿದು ಕೇಳಿದನು:

"ಮಾವ, ಈ ವಿಮಾನ ಬೂದು ಬಣ್ಣದ್ದು. ನಾವು ಮಂಗಳೂರಿಗೆ ಹೋದದ್ದು ಬಿಳಿ ವಿಮಾನದಲ್ಲಿ. ಅಲ್ಲಿ ನಿಂತಿದ್ದವೂ ಎಲ್ಲ ಬಿಳಿಯೇ. ಯಾಕೆ?"

ಚೀಟಿಯನ್ನು ಅಚ್ಚು ಹಾಕಿದ್ದು ಎರಡೇ ಶಾಯಿಯಲ್ಲಿ, ಅದರ ಬಣ್ಣವನ್ನು ನಂಬಬಾರದು ಎಂದು ಹೇಳಿ ನಾವು ಪಾರಾಗಬಹುದಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಕಾಲದ ವಿಮಾನಗಳು ನಿಜಕ್ಕೂ ಬಿಳಿಯಾಗಿರಲಿಲ್ಲ. ಉತ್ತರ ನಮಗೆ ಅರ್ಧ ಗೊತ್ತಿತ್ತು. ಉಳಿದ ಅರ್ಧವನ್ನು ಹೇಳಬಲ್ಲವರು ಅದೃಷ್ಟಕ್ಕೆ ಅಂದೇ ಸಿಕ್ಕಿದರು.

ನಾವು ಫೋರ್ಟಿಗೆ ಹೋದಾಗಲೆಲ್ಲ ಕಾಫಿ ಕುಡಿಯುವ ಒಂದು ಉಡುಪಿ ಹೋಟೆಲುಂಟು. ಅಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ಶನಿವಾರಗಳಲ್ಲಿ ಬಂದು ಕುಳಿತಿರುತ್ತಾರೆ. ಹೆಸರು ಹಾಕಬಾರದೆಂದು ಅವರ ಅಪ್ಪಣೆ. ಚಿಕ್ಕಂದಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಬಡಿಸಿ, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕಲಿತವರು. ತರುವಾಯ ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಕೂಲಿಯವರಾಗಿ ಸೇರಿ, ಬಣ್ಣ ಹಾಕುವ ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಹುಡುಗನ ಪ್ರಶ್ನೆಯನ್ನು ಅವರ ಮುಂದೆ ಇಟ್ಟೆವು.

"ಎಂತ ಮಾಣಿ, ವಿಮಾನದ ಚೀಟಿಯಾ? ಕೊಡು ಕಾಂಬ," ಎಂದು ಅವರು ಕನ್ನಡಕ ಏರಿಸಿಕೊಂಡರು.

ಅಂದು ಅವರು ಹೇಳಿದ್ದನ್ನೂ, ನಾವು ಬಳಿಕ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ನಮ್ಮ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ವರ್ಷಕ್ಕೊಮ್ಮೆಯಾದರೂ ಮಕ್ಕಳು ಮರಿಗಳೊಡನೆ ವಿಮಾನ ಹತ್ತಿ ಊರಿಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಈಗ ಬಹಳ. ನಾವು ಕುಳಿತುಕೊಳ್ಳುವ ವಾಹನದ ಬಣ್ಣಕ್ಕೂ ನಮ್ಮ ಕ್ಷೇಮಕ್ಕೂ ಸಂಬಂಧವಿದೆಯೆಂಬುದು ತಿಳಿದಿರುವುದು ಒಳ್ಳೆಯದು.

ಬಟ್ಟೆಯ ರೆಕ್ಕೆಯ ಕಾಲ

ಭಾರತದ ವಿಮಾನಯಾನದ ಬೇರು ಫೋರ್ಟಿನಲ್ಲೇ ಇದೆಯೆಂದರೆ ತಪ್ಪಲ್ಲ. ಹೋಮಿ ಮೋದಿ ರಸ್ತೆಯಲ್ಲಿ 1924ರಿಂದ ನಿಂತಿರುವ ಬಾಂಬೆ ಹೌಸ್ ಟಾಟಾ ಮನೆತನದ ಮುಖ್ಯ ಕಚೇರಿ. ಆ ಸಂಸ್ಥೆಯ ತರುಣ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಟಪ್ಪಾಲು ಹೊತ್ತ ಪುಟ್ಟ ಪಸ್ ಮಾತ್ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಅಲ್ಲಿಂದ ಅದರ ಟಪ್ಪಾಲನ್ನು ಅವರ ಸಂಗಡಿಗ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಹೀಗೆ ಟಾಟಾ ಅವರ ಮೊದಲ ವಿಮಾನ ಟಪ್ಪಾಲಿನ ದಾರಿಯಲ್ಲಿ ಕನ್ನಡದ ಒಂದು ಊರೂ ಸೇರಿತ್ತು.

ಆ ಕಾಲದ ಚಿಕ್ಕ ವಿಮಾನಗಳ ಮೈ ಬಹುಮಟ್ಟಿಗೆ ಬಟ್ಟೆ. ಮರದ ಅಥವಾ ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಬಿಗಿದು, ಅದರ ಮೇಲೆ ಡೋಪ್ ಎಂಬ ಒಂದು ಬಗೆಯ ಅರಗನ್ನು ಬಳಿಯುತ್ತಿದ್ದರು. ಬಟ್ಟೆ ಡೋಲಿನ ಚರ್ಮದಂತೆ ಬಿಗಿಯುತ್ತಿತ್ತು. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಟ್ಟೆಯನ್ನು ತಿನ್ನುತ್ತವೆ. ಅಂಗಳದಲ್ಲಿ ಹಗ್ಗದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಪಂಚೆ ಜೀರ್ಣವಾಗುವುದಿಲ್ಲವೇ, ಹಾಗೆ. ಆದುದರಿಂದ ಡೋಪಿನಲ್ಲಿ ಅಲ್ಯೂಮಿನಿಯಮ್ ಪುಡಿ ಬೆರೆಸಿ ಬಳಿಯುವ ವಾಡಿಕೆ ಬಂತು. ಹಳೆಯ ಚಿತ್ರಗಳಲ್ಲಿ ಎಷ್ಟೋ ವಿಮಾನಗಳು ಬೆಳ್ಳಿಯಂತೆ ಕಾಣುವುದಕ್ಕೆ ಅದೇ ಕಾರಣ. ವಿಮಾನದ ಬಣ್ಣ ಮೊದಲಿನಿಂದಲೂ ಅಂದಕ್ಕಾಗಿ ಮಾತ್ರ ಇದ್ದುದಲ್ಲ, ಬಿಸಿಲಿಗೆ ಹಿಡಿದ ಕೊಡೆಯೂ ಆಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಹೊಳೆಯುವ ಲೋಹ

ಮುಂದೆ ಮೈಯೆಲ್ಲ ಅಲ್ಯೂಮಿನಿಯಮ್ ಮಿಶ್ರಲೋಹದ ವಿಮಾನಗಳು ಬಂದವು. ಡಕೋಟಾ, ಕಾನ್ಸ್ಟಲೇಷನ್ ಮುಂತಾದವು. ಲೋಹದ ಮೈಗೆ ಬಣ್ಣವೇಕೆ? ಉಜ್ಜಿ ಹೊಳಪು ಕೊಟ್ಟು, ಹೆಸರೊಂದನ್ನು ಬರೆದರೆ ಸಾಕಾಯಿತು. ಬಣ್ಣದ ತೂಕವೂ ಉಳಿಯಿತು. ಇದು ಸಣ್ಣ ಉಳಿತಾಯವಲ್ಲ. ಜಂಬೋ ಎನಿಸಿದ ಬೋಯಿಂಗ್ 747ರಂಥ ದೊಡ್ಡ ವಿಮಾನಕ್ಕೆ ಪೂರ್ತಿ ಬಣ್ಣ ಹಾಕಿದರೆ ಒಣಗಿದ ಬಣ್ಣದ ತೂಕವೇ ಸುಮಾರು 250 ಕಿಲೋ ಆಗುತ್ತದೆ. ಅಂದರೆ ಮೂರು ನಾಲ್ಕು ಜನ ಪ್ರಯಾಣಿಕರು ಟಿಕೆಟಿಲ್ಲದೆ ಪ್ರತಿ ಹಾರಾಟದಲ್ಲೂ ಕುಳಿತ ಹಾಗೆ. ಅಮೆರಿಕನ್ ಏರ್‌ಲೈನ್ಸ್ ಕಂಪನಿಯು 2013ರವರೆಗೂ ತನ್ನ ವಿಮಾನಗಳನ್ನು ಬರಿಯ ಲೋಹದ ಹೊಳಪಿನಲ್ಲೇ ಹಾರಿಸುತ್ತಿತ್ತು.

ಆದರೆ ಬರಿ ಲೋಹಕ್ಕೆ ಎರಡು ಶತ್ರುಗಳು.

ಒಂದು, ಉಪ್ಪುಗಾಳಿ. ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮುದ್ರದ ಕಡೆಗೆ ತೆರೆದ ಕಿಟಕಿಯ ಸರಳುಗಳು ಎರಡು ಮಳೆಗಾಲದಲ್ಲಿ ಏನಾಗುತ್ತವೆಂದು ಎಲ್ಲರೂ ಬಲ್ಲರು. ಅಲ್ಯೂಮಿನಿಯಮ್ ಕಬ್ಬಿಣದಂತೆ ಕೆಂಪಾಗಿ ತುಕ್ಕು ಹಿಡಿಯುವುದಿಲ್ಲ. ಅದರ ಮೇಲೆ ಬೂದಿಯಂಥ ಬಿಳಿಯ ಪುಡಿ ಏಳುತ್ತದೆ, ಸಣ್ಣ ಗುಳಿ ಬೀಳುತ್ತದೆ. ಬರಿ ಲೋಹವನ್ನು ಕಾಪಾಡಬೇಕಾದರೆ ಮೇಲಿಂದ ಮೇಲೆ ಉಜ್ಜುತ್ತಲೇ ಇರಬೇಕು. ಬಣ್ಣ ಹಾಕಿದರೆ ಆ ಕೆಲಸ ಬಹಳ ಕಡಿಮೆ. ತೂಕದಲ್ಲಿ ಉಳಿದದ್ದು ಉಜ್ಜುವ ಕೂಲಿಯಲ್ಲಿ ಹೋಗುತ್ತದೆ.

ಎರಡನೆಯದು, ಬಿಸಿಲು.

ಬಿಸಿಲಿನ ಲೆಕ್ಕ

ನಡುಹಗಲಿನಲ್ಲಿ ನಿರಭ್ರ ಆಕಾಶದ ಸೂರ್ಯನು ಒಂದು ಚದರ ಮೀಟರು ಜಾಗದ ಮೇಲೆ ಸುರಿಯುವ ಶಕ್ತಿ ಸುಮಾರು 1000 ವಾಟ್. ನಮ್ಮ ಮನೆಗಳ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ವಿಮಾನದ ಬೆನ್ನಿನ ಪ್ರತಿಯೊಂದು ಚದರ ಮೀಟರಿಗೂ ಒಂದೊಂದು ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಎಂದು ಭಾವಿಸಿ. ಕಪ್ಪು ಬಣ್ಣ ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ನುಂಗುತ್ತದೆ. ಒಳ್ಳೆಯ ಬಿಳಿ ಬಣ್ಣ ಮುಕ್ಕಾಲು ಪಾಲನ್ನಾದರೂ ಹಿಂದಕ್ಕೆ ಎಸೆಯುತ್ತದೆ.

"ಹಾಗಾದರೆ ಹೊಳೆಯುವ ಲೋಹವೂ ಕನ್ನಡಿಯ ಹಾಗೆ ಬಿಸಿಲನ್ನು ಎಸೆಯುವುದಿಲ್ಲವೇ?" ಎಂದು ಹುಡುಗನು ಕೇಳಿದನು. ಚುರುಕಾದ ಪ್ರಶ್ನೆ. ಹಿರಿಯರು ಮೇಜಿನ ಮೇಲಿದ್ದ ಉಕ್ಕಿನ ಲೋಟವನ್ನು ತೋರಿಸಿದರು. "ಇದನ್ನು ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ಮುಟ್ಟಿ ಕಾಣು. ಕೈ ಸುಡುತ್ತದೆ. ಹೊಳೆಯುತ್ತದೆ ಅಂತ ತಣ್ಣಗಿರುತ್ತದೆಯಾ?"

ಕಾರಣ ಇಷ್ಟೆ. ಹೊಳೆಯುವ ಲೋಹ ಬೆಳಕನ್ನು ಬಹಳಷ್ಟು ಹಿಂದಕ್ಕೆ ಕಳುಹಿಸುವುದೇನೋ ನಿಜ. ಆದರೆ ಒಳಕ್ಕೆ ಎಳೆದುಕೊಂಡ ಸ್ವಲ್ಪ ಶಾಖವನ್ನು ಹೊರಕ್ಕೆ ಬಿಡುವುದರಲ್ಲಿ ಅದು ಮಹಾ ಜಿಪುಣ. ಬಿಳಿ ಬಣ್ಣ ಹಾಗಲ್ಲ. ಕಡಿಮೆ ತೆಗೆದುಕೊಳ್ಳುತ್ತದೆ, ತೆಗೆದುಕೊಂಡದ್ದನ್ನೂ ಬೇಗ ಬಿಟ್ಟುಕೊಡುತ್ತದೆ. ಹೀಗಾಗಿ ಎರಡನೆಯ ಮಹಾಯುದ್ಧದ ತರುವಾಯದ ವರ್ಷಗಳಲ್ಲಿ ಅನೇಕ ಕಂಪನಿಗಳು ವಿಮಾನದ ಮೇಲ್ಭಾಗಕ್ಕೆ ಮಾತ್ರ ಬಿಳಿ ಬಣ್ಣ ಹಾಕತೊಡಗಿದವು. 1960ರಲ್ಲಿ ನಮ್ಮ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 707 ಜೆಟ್ ವಿಮಾನಗಳೂ ಹಾಗೆಯೇ. ಬೆನ್ನು ಬಿಳಿ, ನಡುವೆ ಕೆಂಪು ಪಟ್ಟಿ, ಹೊಟ್ಟೆ ಬರಿ ಲೋಹ. ಊರಿನ ಮನೆಯ ತಾರಸಿಗೆ ಬೇಸಗೆಯಲ್ಲಿ ಸುಣ್ಣ ಬಳಿಯುವ ಲೆಕ್ಕವೇ ಇದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಈ ಬಿಸಿಲಿನ ಕಾಟ ಹಾರುವಾಗ ಅಲ್ಲ, ನಿಂತಾಗ. ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿರುತ್ತದೆ. ಅಲ್ಲಿ ವಿಮಾನಕ್ಕೆ ತಂಪಿನ ಕೊರತೆಯಿಲ್ಲ. ಸಾಂತಾಕ್ರೂಜಿನ ಬಯಲಲ್ಲಿ ಏಪ್ರಿಲ್ ತಿಂಗಳ ಎರಡು ಗಂಟೆಗೆ ಬಾಗಿಲು ತೆರೆದು ನಿಂತು, ಜನರನ್ನು ಹತ್ತಿಸಿಕೊಳ್ಳುವಾಗ ಇರುವ ಧಗೆಯೇ ಧಗೆ. ಆಗ ಒಳಗಿನ ತಂಪಿಗಾಗಿ ಸುಡುವ ಇಂಧನಕ್ಕೂ ಹಣ ತೆರಬೇಕು.

ಅಂಟು ಮತ್ತು ನಾರಿನ ಮೈ

ಇತ್ತೀಚಿನ ವಿಮಾನಗಳಿಗಂತೂ ಬಿಸಿಲಿನ ವಿಷಯ ಇನ್ನೂ ಮುಖ್ಯ. ಇವು ಪೂರ್ತಿ ಲೋಹದವಲ್ಲ. ಗಾಜಿನ ನಾರು ಅಥವಾ ಇಂಗಾಲದ ನಾರನ್ನು ಗಟ್ಟಿ ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಒತ್ತಿ ಮಾಡಿದ ಮೈ ಇವುಗಳದು. ಕಾಂಪೊಸಿಟ್ ಎಂದು ಇದಕ್ಕೆ ಹೆಸರು. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು, ಏರ್‌ಬಸ್ ಎ350ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಈ ವಸ್ತುವೇ. ಇದನ್ನು ಉಜ್ಜಿ ಹೊಳಪು ಕೊಡಲು ಬರುವುದಿಲ್ಲ. ಬಣ್ಣ ಬೇಕೇ ಬೇಕು.

ಇದರ ಒಂದು ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಉಂಟು. ಬೆಂಗಳೂರಿಗೂ ಫೋರ್ಟಿಗೂ ವಿಮಾನದ ನಂಟು ಹಳೆಯದು. ಸಿಂಧಿಯಾ ಹಡಗು ಕಂಪನಿಯ ವಾಲಚಂದ ಹೀರಾಚಂದರು ಫೋರ್ಟಿನ ಮಗ್ಗುಲ ಬ್ಯಾಲಾರ್ಡ್ ಎಸ್ಟೇಟಿನಿಂದ ವ್ಯವಹಾರ ನಡೆಸುತ್ತಿದ್ದವರು. ಅವರೇ ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂದಿನ ಎಚ್. ಎ. ಎಲ್. ಎಂದರೆ ಅದೇ ಬೆಳೆದು ಆದದ್ದು. ತರುವಾಯ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ಬೆಂಗಳೂರನ್ನೇ ಮನೆ ಮಾಡಿಕೊಂಡಿತು. ಅಲ್ಲಿನ ವಿಜ್ಞಾನಿಗಳು ಹಾರಾಟ ಕಲಿಯುವವರಿಗಾಗಿ ಹಂಸ ಎಂಬ ಎರಡು ಆಸನದ ಪುಟ್ಟ ವಿಮಾನವನ್ನು ರಚಿಸಿದರು. 1993ರಲ್ಲಿ ಮೊದಲು ಹಾರಿದ ಈ ಹಂಸದ ಮೈ ಅಂಟು ಮತ್ತು ನಾರಿನದೇ. ಹೆಸರಿಗೆ ತಕ್ಕಂತೆ ಬಣ್ಣವೂ ಬಿಳಿ. ಇದು ಕವಿಕಲ್ಪನೆಯಲ್ಲ. ಅಂಟು ಬಹಳ ಕಾದರೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಇಂಥ ಚಿಕ್ಕ ವಿಮಾನಗಳನ್ನೂ ಗ್ಲೈಡರುಗಳನ್ನೂ ಜಗತ್ತಿನೆಲ್ಲೆಡೆ ಬಿಳಿಯಾಗಿಯೇ ಇಡುವ ವಾಡಿಕೆಗೆ ಅದು ಮುಖ್ಯ ಕಾರಣ.

ಬಣ್ಣ ಬದಲಾದರೆ ವೇಗವೇ ತಗ್ಗಬೇಕಾದ ಪ್ರಸಂಗವೂ ಒಂದು ನಡೆದಿದೆ. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನಕ್ಕೆ ಗಾಳಿಯ ಒತ್ತಡದಿಂದಲೇ ಮೂತಿ ನೂರಿಪ್ಪತ್ತು ಡಿಗ್ರಿಗೂ ಮೀರಿ ಕಾಯುತ್ತಿತ್ತು. ಶಾಖವನ್ನು ಬೇಗ ಹೊರಗೆಡಹುವ ವಿಶೇಷ ಬಿಳಿ ಬಣ್ಣ ಅದರ ಮೈಗೆ. 1996ರಲ್ಲಿ ಪೆಪ್ಸಿ ಕಂಪನಿಯ ಜಾಹೀರಾತಿಗಾಗಿ ಒಂದು ಕಾಂಕಾರ್ಡಿನ ಮೈಗೆ ನೀಲಿ ಬಳಿದರು. ಇಂಧನ ತುಂಬುವ ರೆಕ್ಕೆಗಳನ್ನು ಬಿಳಿಯಾಗಿಯೇ ಬಿಟ್ಟರು. ಆದರೂ ಆ ನೀಲಿ ವಿಮಾನವನ್ನು ಪೂರ್ಣ ವೇಗದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಾರಿಸಬಾರದೆಂದು ಕಟ್ಟುಮಾಡಬೇಕಾಯಿತು. ಕೆಲವೇ ದಿನಗಳಲ್ಲಿ ಅದು ಮತ್ತೆ ಬಿಳಿಯಾಯಿತು.

ಬೆಳ್ಳಗಿಡುವುದು ಲಾಭ

ಇಷ್ಟಾದರೂ, ಬರಿ ಶಾಖದ ಕಾರಣಕ್ಕೆ ಕಂಪನಿಗಳು ಬಿಳಿಯನ್ನು ಆರಿಸಿದವೆಂದರೆ ಅರ್ಧ ಸತ್ಯವಾಗುತ್ತದೆ. ದುಡ್ಡಿನ ಲೆಕ್ಕವೂ ಉಂಟು.

ಎತ್ತರಕ್ಕೆ ಹೋದಂತೆ ನೇರಳಾತೀತ ಕಿರಣಗಳ ಹೊಡೆತ ಹೆಚ್ಚು. ಕೆಂಪು, ನೀಲಿ ಬೇಗ ಮಾಸುತ್ತವೆ, ತೇಪೆ ಹಾಕಿದಲ್ಲಿ ಹೊಸತು ಹಳತು ಬೇರೆಯಾಗಿ ಕಾಣುತ್ತದೆ. ಬಿಳಿ ಮಾಸಿದರೂ ಅಷ್ಟಾಗಿ ಕಣ್ಣಿಗೆ ಬೀಳದು. ಈ ಬಿಳುಪಿಗೆ ಆಧಾರ ಟೈಟಾನಿಯಮ್ ಡಯಾಕ್ಸೈಡ್ ಎಂಬ ಪುಡಿ. ನೆರೆಯ ಕೇರಳದ ಕೊಲ್ಲಂ ಕಡೆಯ ಕಡಲತೀರದ ಕಪ್ಪು ಮರಳಿನಲ್ಲಿ ಅದರ ಅದಿರು ಧಾರಾಳವಾಗಿದೆ. ಅಷ್ಟು ಕರಿಯ ಮರಳಿನಿಂದ ಅಷ್ಟು ಬಿಳಿಯ ಪುಡಿ ಬರುತ್ತದೆಂದರೆ ಹುಡುಗನು ನಂಬಲೇ ಇಲ್ಲ.

ಇನ್ನೊಂದು ಸಂಗತಿ. ಇಂದು ಹಾರುವ ವಿಮಾನಗಳಲ್ಲಿ ಬಹಳಷ್ಟು ಆಯಾ ಕಂಪನಿಯ ಸ್ವಂತದ್ದಲ್ಲ, ಬಾಡಿಗೆಯವು. ಇಂದು ಒಬ್ಬರ ಕೈಯಲ್ಲಿ, ನಾಳೆ ಇನ್ನೊಬ್ಬರ ಕೈಯಲ್ಲಿ. ಮೈ ಬಿಳಿಯಾಗಿದ್ದರೆ ಬಾಲವನ್ನೂ ಹೆಸರನ್ನೂ ಬದಲಿಸಿದರಾಯಿತು. ಮುಂಬಯಿಯ ಬಾಡಿಗೆ ಮನೆಗಳ ಗೋಡೆಗೆ ಮಾಲೀಕರು ಯಾವಾಗಲೂ ಬಿಳಿ ಸುಣ್ಣವನ್ನೇ ಬಳಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. 1976ರಲ್ಲಿ ಏರ್ ಫ್ರಾನ್ಸ್ ತನ್ನ ವಿಮಾನಗಳ ಇಡೀ ಮೈಯನ್ನು ಬಿಳಿ ಮಾಡಿ, ಬಾಲಕ್ಕೆ ಮಾತ್ರ ಬಣ್ಣದ ಪಟ್ಟೆಗಳನ್ನು ಇಟ್ಟಿತು. ಅದನ್ನು ಕಂಡು ಒಂದೊಂದಾಗಿ ಉಳಿದವರೂ ಅದೇ ದಾರಿ ಹಿಡಿದರು.

ಬಿಳಿಯ ಮೈ ಚಿತ್ರ ಬರೆಯಲು ಒಳ್ಳೆಯ ಹಲಗೆಯೂ ಹೌದು. ಏರ್ ಇಂಡಿಯಾದ ಬಿಳಿಯ ಜಂಬೋ ವಿಮಾನಗಳ ಕಿಟಕಿಗಳ ಸುತ್ತ ರಾಜಸ್ಥಾನದ ಝರೋಕಾಗಳಂತೆ ಕೆಂಪು ಕಮಾನುಗಳನ್ನು ಬರೆದಿದ್ದರು. ಹಾರುವ ಅರಮನೆಯಂತೆ ಕಾಣುತ್ತಿತ್ತು. 2023ರಲ್ಲಿ ಆ ಸಂಸ್ಥೆ ಹೊಸ ವೇಷ ತೊಟ್ಟಾಗ ಕಮಾನುಗಳು ಹೋದವು, ಬಿಳುಪು ಉಳಿಯಿತು. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್ ಕಂಪನಿಯು ತನ್ನ ಲಾಂಛನವಾಗಿ ಆರಿಸಿಕೊಂಡದ್ದು ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನನ್ನು. ಮೈಸೂರಿನಲ್ಲಿ ಹುಟ್ಟಿ, ಬೋರಿ ಬಂದರಿನ ಟೈಮ್ಸ್ ಕಚೇರಿಯಲ್ಲಿ ಕುಳಿತು ದಿನವೂ ಆ ಮುದುಕನನ್ನು ಬರೆದ ಲಕ್ಷ್ಮಣರು ನಮ್ಮವರೆಂಬ ಅಭಿಮಾನ ಮುಂಬಯಿ ಕನ್ನಡಿಗರಿಗೆ ಇಂದಿಗೂ ಇದೆ.

ಕಲೆ ಕಾಣಬೇಕು

ಇಷ್ಟು ಮಾತಾಗುವಾಗ ಎರಡನೆಯ ಕಾಫಿ ಬಂದಿತ್ತು. ಹಿರಿಯರು ಬಡಿಸುತ್ತಿದ್ದ ತರುಣನನ್ನು ಕಣ್ಣಿನಲ್ಲೇ ತೋರಿಸಿದರು. ಬಿಳಿ ಅಂಗಿ. ಕಿಸೆಯ ಬಳಿ ಸಾಂಬಾರಿನ ಒಂದು ಹಳದಿ ಚುಕ್ಕೆ.

"ನಾನು ಇದೇ ಫೋರ್ಟಿನಲ್ಲಿ ಬಡಿಸುತ್ತಿದ್ದಾಗ ನಮ್ಮ ಯಜಮಾನರು ಬಿಳಿ ಅಂಗಿಯನ್ನೇ ಹಾಕಿಸುತ್ತಿದ್ದರು. ಒಗೆದು ಒಗೆದು ನಮಗೆ ಸಾಕಾಗುತ್ತಿತ್ತು. ಖಾಕಿ ಕೊಡಿಸಿ ಅಂತ ಒಂದು ದಿನ ಕೇಳಿಯೇಬಿಟ್ಟೆವು. ಅವರು ಹೇಳಿದ್ದು ಇಷ್ಟೇ: ಖಾಕಿ ಕೊಟ್ಟರೆ ಎಂಟು ದಿನ ಒಗೆಯುವುದಿಲ್ಲ ನೀವು. ಕೊಳೆ ಇರುತ್ತದೆ, ಕಾಣುವುದಿಲ್ಲ. ನನಗೆ ಕಾಣಬೇಕು."

ಹ್ಯಾಂಗರಿಗೆ ಸೇರಿದ ಮೇಲೆ ಆ ಮಾತಿನ ಅರ್ಥ ತಮಗೆ ಪೂರ್ತಿ ತಿಳಿಯಿತೆಂದು ಅವರು ಹೇಳಿದರು. ವಿಮಾನದ ಮೈ ಪ್ರತಿ ಹಾರಾಟದಲ್ಲೂ ಉಸಿರೆಳೆದಂತೆ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಮೇಲಿನ ತೆಳುವಾದ ಗಾಳಿಯಲ್ಲಿ ನಾವು ಉಸಿರಾಡಲೆಂದು ಒಳಗೆ ಒತ್ತಡ ತುಂಬಿಸುತ್ತಾರಷ್ಟೆ. ಸಾವಿರಾರು ಬಾರಿ ಹೀಗಾದಾಗ ರಿವೆಟ್ಟುಗಳ ಸಾಲಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಬಹುದು. ಎಲ್ಲೋ ಒಂದು ಕಡೆ ಎಣ್ಣೆ ಒಸರಬಹುದು. ಸಾಮಾನು ಹೇರುವ ಗಾಡಿ ತಾಗಿ ನೆಗ್ಗಿರಬಹುದು. ಸಿಡಿಲು ಬಡಿದ ಚುಕ್ಕೆ ಇರಬಹುದು. ಗಾಢ ಬಣ್ಣದ ಮೇಲೆ ಇವು ಅಡಗಿಕೊಳ್ಳುತ್ತವೆ. ಬಿಳಿಯ ಮೇಲೆ ಕಾಣುತ್ತವೆ. ಎಕ್ಸ್-ರೇ, ಶಬ್ದತರಂಗ ಮುಂತಾದ ಯಂತ್ರಪರೀಕ್ಷೆಗಳು ಕಾಲಕಾಲಕ್ಕೆ ನಡೆಯುತ್ತವೆ. ಆದರೆ ಪ್ರತಿದಿನದ ಪರೀಕ್ಷೆ ಎಂದರೆ ಒಬ್ಬ ಮನುಷ್ಯ, ಒಂದು ಟಾರ್ಚು, ಎರಡು ಕಣ್ಣು.

ಒಂದು ರಾತ್ರಿ ತಾವು ವಿಮಾನದ ಹೊಟ್ಟೆ ಒರೆಸುತ್ತಿದ್ದಾಗ ನಡೆದದ್ದನ್ನು ಅವರು ಹೇಳಿದರು.

"ಬೆಳಗಿನ ಜಾವ ಹೊರಡುವ ವಿಮಾನ. ಚಕ್ರದ ಗೂಡಿನ ಹಿಂದೆ ಒಂದು ಸಣ್ಣ ಗೆರೆ, ನೇರಳೆ ಬಣ್ಣದ್ದು. ಜೆಟ್ ವಿಮಾನದ ಹೈಡ್ರಾಲಿಕ್ ಎಣ್ಣೆಗೆ ನೇರಳೆ ಬಣ್ಣ ಬೆರೆಸಿರುತ್ತಾರೆ, ಕಾಣಲಿ ಅಂತಲೇ. ಒರೆಸಿದೆ. ಐದು ನಿಮಿಷ ಬಿಟ್ಟು ಕಂಡರೆ ಮತ್ತೆ ಬಂದಿತ್ತು. ನಾನು ಬಣ್ಣದವ, ಎಂಜಿನಿಯರನಲ್ಲ. ಹೇಳಿದರೆ ನಿನ್ನ ಕೆಲಸ ನೋಡಿಕೋ ಅಂದಾರು ಅಂತ ಹೆದರಿಕೆ. ಆದರೂ ಹೋಗಿ ಹೇಳಿದೆ. ಬಿಚ್ಚಿ ನೋಡಿದರೆ ಚಕ್ರದ ಬ್ರೇಕಿಗೆ ಹೋಗುವ ಕೊಳವೆಯ ಕೀಲು ಸಡಿಲವಾಗಿತ್ತು. ವಿಮಾನ ಮೂರು ಗಂಟೆ ತಡ. ಪ್ರಯಾಣಿಕರು ಬೈದರು. ಬೈಗಳು ತಿಂದದ್ದು ನಾನಲ್ಲ, ಪಾಪ, ಕೌಂಟರಿನ ಹುಡುಗಿ."

"ನೀವು ಹೇಳದಿದ್ದರೆ ಎಂತ ಆಗುತ್ತಿತ್ತು, ಅಜ್ಜ?" ಎಂದನು ಹುಡುಗ.

"ಎಂತದೂ ಆಗದೆಯೂ ಇರಬಹುದಿತ್ತು ಮಾಣಿ. ಅದು ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದ ಹಾಗೆ ಮಾಡುವುದೇ ನಮ್ಮ ಕೆಲಸ."

ಈ ಮಾತಿನ ಇನ್ನೊಂದು ಮಗ್ಗುಲು ನಮಗೆ ಆಮೇಲೆ ಓದುವಾಗ ಸಿಕ್ಕಿತು. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ಅಲೋಹಾ ಏರ್‌ಲೈನ್ಸ್ ಕಂಪನಿಯ ಒಂದು ಬೋಯಿಂಗ್ 737 ವಿಮಾನ ಇಪ್ಪತ್ತನಾಲ್ಕು ಸಾವಿರ ಅಡಿ ಎತ್ತರದಲ್ಲಿದ್ದಾಗ ಮುಂಭಾಗದ ಮಾಡು ಸುಮಾರು ಹದಿನೆಂಟು ಅಡಿಯಷ್ಟು ಕಿತ್ತು ಹಾರಿಹೋಯಿತು. ಒಬ್ಬ ಗಗನಸಖಿ ಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಉಳಿದವರನ್ನು ಚಾಲಕರು ಹೇಗೋ ಇಳಿಸಿ ಉಳಿಸಿದರು. ಆ ವಿಮಾನ ಹತ್ತೊಂಬತ್ತು ವರ್ಷದ ಹಳೆಯದು. ಹತ್ತಿರ ಹತ್ತಿರ ತೊಂಬತ್ತು ಸಾವಿರ ಬಾರಿ ಹಾರಿತ್ತು, ಅದೂ ಉಪ್ಪುಗಾಳಿಯ ದ್ವೀಪಗಳ ನಡುವೆ. ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಂತು. ಹತ್ತುವಾಗಲೇ ಒಬ್ಬ ಪ್ರಯಾಣಿಕಳು ಬಾಗಿಲ ಬಳಿ ಮೈಯ ಮೇಲೆ ಬಿರುಕನ್ನು ಕಂಡಿದ್ದಳು. ಆದರೆ ಯಾರಿಗೂ ಹೇಳಲಿಲ್ಲ.

ಅವಳನ್ನು ದೂರುವ ಮನಸ್ಸು ನಮಗಿಲ್ಲ. ನಾವಾದರೂ ಹೇಳುತ್ತಿದ್ದೆವೇ? ಅಷ್ಟು ದೊಡ್ಡ ಯಂತ್ರ, ಅಷ್ಟು ಜನ ಬಲ್ಲವರು, ನಾವು ಹೇಳುವುದೇನು ಎಂದು ಸುಮ್ಮನೆ ಹೋಗಿ ಕುಳಿತುಕೊಳ್ಳುತ್ತಿದ್ದೆವು.

ಬಿಳಿಯಲ್ಲದವು

ಎಲ್ಲ ವಿಮಾನಗಳೂ ಬಿಳಿಯಲ್ಲ ಎಂಬುದನ್ನೂ ಹೇಳಿಬಿಡಬೇಕು. ಯುದ್ಧವಿಮಾನಕ್ಕೆ ಕಾಣಿಸಿಕೊಳ್ಳದಿರುವುದೇ ಕ್ಷೇಮ. ಆದುದರಿಂದ ನಮ್ಮ ವಾಯುಪಡೆಯ ವಿಮಾನಗಳು ಮೋಡದ ಬೂದಿಯನ್ನು ಬಳಿದುಕೊಳ್ಳುತ್ತವೆ. ಅದೇ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಆಕಾಶದಲ್ಲಿ ಆಟ ತೋರಿಸುವ ಆ ತಂಡಕ್ಕೆ ಜನರಿಗೂ, ಪರಸ್ಪರರಿಗೂ ಚೆನ್ನಾಗಿ ಕಾಣುವ ಢಾಳಾದ ಬಣ್ಣ ಬೇಕು. ಏರ್ ನ್ಯೂಜಿಲೆಂಡ್ ತನ್ನ ಕೆಲವು ವಿಮಾನಗಳನ್ನು ತಮ್ಮ ನಾಡಿನ ರಗ್ಬಿ ತಂಡದ ಬಣ್ಣವೆಂದು ಅಭಿಮಾನದಿಂದ ಕಪ್ಪಾಗಿಸಿದೆ. ಹಾರಲು ಅದರಿಂದ ಅಡ್ಡಿಯೇನಿಲ್ಲ. ಬಣ್ಣದ ವಿಮಾನವೆಂದರೆ ಅಪಾಯದ ವಿಮಾನವೆಂದು ಯಾರೂ ತಿಳಿಯಬಾರದು. ಪರೀಕ್ಷಿಸುವವರು ಅಲ್ಲಿ ಇನ್ನಷ್ಟು ಹತ್ತಿರದಿಂದ ನೋಡಬೇಕು, ಅಷ್ಟೆ.

ಹಾಗೆಯೇ ಬಿಳಿ ಬಣ್ಣವೊಂದೇ ನಮ್ಮನ್ನು ಕಾಯುತ್ತದೆ ಎಂದೂ ತಿಳಿಯಬಾರದು. 1971ರಲ್ಲಿ ಬಂದ ಏರ್ ಇಂಡಿಯಾದ ಮೊದಲ ಜಂಬೋ 'ಎಂಪರರ್ ಅಶೋಕ' ಬಿಳಿಯದೇ ಆಗಿತ್ತು. 1978ರ ಜನವರಿ 1ರ ರಾತ್ರಿ ಅದು ಬಾಂದ್ರಾದ ಕಡಲಿನಲ್ಲಿ ಬಿದ್ದು 213 ಮಂದಿ ತೀರಿಕೊಂಡರು. ವಿಮಾನ ಎತ್ತ ವಾಲಿದೆಯೆಂದು ಹೇಳುವ ಒಳಗಿನ ಸೂಚಕ ಕೆಟ್ಟು, ಕತ್ತಲಲ್ಲಿ ಚಾಲಕರಿಗೆ ದಿಕ್ಕು ತಪ್ಪಿತ್ತು. ಮೈಯ ಮೇಲಿನ ಕಲೆಯನ್ನು ಬಿಳುಪು ತೋರಿಸೀತು. ಯಂತ್ರದೊಳಗಿನ ದೋಷವನ್ನು ಅದು ತೋರಿಸಲಾರದು. ಅದಕ್ಕೆ ಬೇರೆ ಕಾವಲು ಬೇಕು.

ಕೊನೆಯ ಮಾತು

ಇಷ್ಟರಿಂದ ವಾಚಕರಿಗೆ ತಿಳಿದಿರಬಹುದು. ವಿಮಾನ ಬಿಳಿಯಾದದ್ದು ಒಂದೇ ಕಾರಣಕ್ಕಲ್ಲ. ಬಿಸಿಲು ತಡೆಯಲು, ಮಾಸದಿರಲು, ಮಾರಲು, ಬಾಡಿಗೆಗೆ ಕೊಡಲು ಬಿಳಿ ಅನುಕೂಲವಾಯಿತು. ಈ ಕಾರಣಗಳೆಲ್ಲ ಕಂಪನಿಯವರಿಗೆ ಸೇರಿದವು. ಕಲೆಯನ್ನು ಮುಚ್ಚುವುದಿಲ್ಲ ಎಂಬ ಒಂದು ಕಾರಣ ಮಾತ್ರ ಒಳಗೆ ಕುಳಿತ ನಮಗೆ ಸೇರಿದ್ದು. ತೋರಿಸುವುದಷ್ಟೇ ಬಣ್ಣದ ಕೆಲಸ. ನೋಡುವುದೂ, ನೋಡಿದ್ದನ್ನು ಹೇಳುವುದೂ ಮನುಷ್ಯರ ಕೆಲಸ.

ಮುಂದಿನ ಬಾರಿ ಊರಿಗೆ ಹೋಗುವಾಗ ಮೆಟ್ಟಿಲ ಬಳಿ ಏನಾದರೂ ವಿಪರೀತ ಕಂಡರೆ ಸಂಕೋಚ ಪಡದೆ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ತಿಳಿಸಿ. ನೂರಕ್ಕೆ ತೊಂಬತ್ತೊಂಬತ್ತು ಬಾರಿ ಅದು ಏನೂ ಅಲ್ಲದಿರಬಹುದು. ಅವರು ನಕ್ಕರೆ ನಗಲಿ. ವಿಮಾನ ತಡವಾದರೆ ಕೌಂಟರಿನ ಹುಡುಗಿಯನ್ನು ಬೈಯುವ ಮೊದಲು, ಎಲ್ಲೋ ಒಬ್ಬನು ಟಾರ್ಚು ಹಿಡಿದು ಒಂದು ನೇರಳೆ ಗೆರೆಯನ್ನು ಕಂಡಿರಬಹುದೆಂದು ಒಂದು ಕ್ಷಣ ಯೋಚಿಸಿ.

ನಾವು ಏಳುವಾಗ ಹುಡುಗನು ಚೀಟಿಯನ್ನು ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡನು. ಹಿರಿಯರು ಬಡಿಸುವ ತರುಣನನ್ನು ಹತ್ತಿರ ಕರೆದು ಅಂಗಿಯ ಚುಕ್ಕೆಯನ್ನು ಬೆರಳಿನಿಂದ ತೋರಿಸಿದರು. ಅವನು ನಾಚಿ, "ಈಗಲೇ ಬದಲಿಸಿ ಬರುತ್ತೇನೆ ರಾಯರೇ," ಎಂದು ಒಳಗೆ ಹೋದನು. ಹೊರಗೆ ಬಂದಾಗ ಸಂಜೆಯಾಗಿತ್ತು. ವಿ. ಟಿ. ನಿಲ್ದಾಣದ ಕಡೆಗೆ ನಡೆಯುತ್ತ ಹುಡುಗನು ಒಂದೇ ಮಾತು ಕೇಳಿದನು:

"ಮಾವ, ನಮ್ಮ ಶಾಲೆಯ ಸಮವಸ್ತ್ರವೂ ಬಿಳಿ. ಅದಕ್ಕೂ ಇದೇ ಕಾರಣವೋ?"

ಅದನ್ನು ಅವನ ತಾಯಿಯನ್ನೇ ಕೇಳಬೇಕೆಂದು ಹೇಳಿದೆವು. ಒಗೆಯುವವರು ಅವರಲ್ಲವೇ!